ತಂಗಿಯ ಕೈಗೊಂದು ಪಿಸ್ತೂಲು

ಪಾಂಡವಪುರ

ಅಮೆರಿಕದಿಂದ ಬಂದು ಒಂದು ತಿಂಗಳಾಯಿತು. ಬಸ್ ಸ್ಟ್ಯಾಂಡಿನ ಹತ್ತಿರ ಸಿಕ್ಕಿದವರೆಲ್ಲ ಕೇಳುವುದು ಒಂದೇ ಮಾತು: "ಏನೇನ್ ನೋಡ್ಕಂಡ್ ಬಂದ್ರಿ ಮೇಷ್ಟ್ರೇ?" ನಾನು ನೋಡಿದ್ದು ಮೂರು ಪಿಸ್ತೂಲು. ಹಾಗಂದರೆ ನಗುತ್ತಾರೆ. ನಕ್ಕವರ ಮೇಲೂ ನನಗೆ ಸಿಟ್ಟು ಬರುತ್ತದೆ. ಎದುರೆದುರೇ ಹೇಳಿ ಜಗಳ ಮಾಡಿಕೊಳ್ಳುವುದಕ್ಕಿಂತ ಬರೆದುಬಿಡುವುದೇ ವಾಸಿ.

ನಮ್ಮದು ಕಿಕ್ಕೇರಿಯ ಕಮ್ಮಾರರ ಮನೆ. ಅಪ್ಪ ಕುಲುಮೆಯಲ್ಲಿ ಕುಡುಗೋಲು, ಗುಳ, ಈಳಿಗೆಮಣೆ ಮಾಡುತ್ತಿದ್ದರು. ನಾನು ಫಿಟ್ಟರ್ ಕೆಲಸ ಕಲಿತು, ಐಟಿಐ ಒಂದರಲ್ಲಿ ಮೂವತ್ತು ವರ್ಷ ಹುಡುಗರಿಗೆ ಅರ ಹಿಡಿಯುವುದನ್ನು ಹೇಳಿಕೊಟ್ಟು, ರಿಟೈರಾಗಿ ಪಾಂಡವಪುರದಲ್ಲಿ ನೆಲೆ ನಿಂತವನು. ನನಗಿಂತ ಎಂಟು ವರ್ಷ ಚಿಕ್ಕವಳು ತಂಗಿ ಗಿರಿಜ. ಮದುವೆಗೆ ಮುಂಚೆ ಚಿನಕುರಳಿ ಸುತ್ತಿನ ಹಳ್ಳಿಗಳಿಗೆ ಮೊಪೆಡ್ಡಿನಲ್ಲಿ ಓಡಾಡುತ್ತಿದ್ದ ನರ್ಸಮ್ಮ ಅವಳೇ. ಆಮೇಲೆ ಗಂಡನ ಜೊತೆ ಮಸ್ಕತ್ತಿಗೆ, ಅಲ್ಲಿಂದ ಟೆಕ್ಸಾಸಿನ ಒಂದು ಸಣ್ಣ ಊರಿಗೆ ಹೋದಳು. ಅಲ್ಲಿಯ ಪೌರತ್ವವೂ ಸಿಕ್ಕಿತು. ಗಂಡ ತೀರಿಕೊಂಡು ಆರು ವರ್ಷ. ಮಕ್ಕಳಿಲ್ಲ. ಇನ್ನು ವಾಸಿಯಾಗುವುದಿಲ್ಲ ಎಂದು ಡಾಕ್ಟರು ಕೈಬಿಟ್ಟ ರೋಗಿಗಳ ಮನೆಗೆ ಹೋಗಿ, ಅವರ ನೋವಿಗೆ ಔಷಧಿ ಕೊಟ್ಟು ಬರುವುದು ಅವಳ ಕೆಲಸ.

ಒಂದು ದಿನ ಫೋನು ಮಾಡಿ, "ಅಣ್ಣ, ಮೂರು ವಾರ ಬಂದೋಗು. ಒಂದು ಸಾಮಾನು ತಗೋಬೇಕು. ನೀನು ನೋಡಿ ಯೋಳ್ಬೇಕು" ಅಂದಳು.

"ಎಂಥ ಸಾಮಾನಮ್ಮಿ?"

"ಕಬ್ಬಿಣದ್ದು. ಬಾ ಯೋಳ್ತೀನಿ."

ಹೊಲಿಗೆ ಮಿಷನ್ನೋ, ಹಳೇ ಕಾರೋ ಇರಬೇಕು ಅಂದುಕೊಂಡೆ. ತಂಗಿ ಕರೆದಿದ್ದಾಳೆ ಅನ್ನೋ ಹೆಮ್ಮೆಯಲ್ಲಿ ಹೊಸ ಚಪ್ಪಲಿ ಕೊಂಡೆ.

ಇಳಿದ ದಿನ

ಅವಳಿಗೆಂದು ಕಿಕ್ಕೇರಿಯಲ್ಲಿ ಒಂದು ಈಳಿಗೆಮಣೆ ಮಾಡಿಸಿಕೊಂಡು ಹೋಗಿದ್ದೆ. ವಿಮಾನದಿಂದ ಇಳಿದ ಮೇಲೆ ಪೆಟ್ಟಿಗೆ ಬಿಚ್ಚಿಸಿದರು. ಬಟ್ಟೆ ಸುತ್ತಿದ್ದ ಈಳಿಗೆಮಣೆಯನ್ನು ಮೂರು ಜನ ಆಫೀಸರುಗಳು ಸುತ್ತ ನಿಂತು ನೋಡಿದರು. ಒಬ್ಬ ಕೈಗವಸು ಹಾಕಿಕೊಂಡು ಎತ್ತಿದ. "ಇದು ಆಯುಧವೇ?" ಅಂತ ಕೇಳಿದ. ನನ್ನ ಇಂಗ್ಲಿಷಿನಲ್ಲಿ "ವೆಜಿಟೇಬಲ್" ಅಂದೆ. ನಂಬಲಿಲ್ಲ. ಕೊನೆಗೆ ನಾನು ಅಲ್ಲೇ ನೆಲದ ಮೇಲೆ ಕುಂತು, ಮಣೆಯ ಮೇಲೆ ಕಾಲಿಟ್ಟು, ಇಲ್ಲದ ಬದನೆಕಾಯಿ ಹೆಚ್ಚಿ ತೋರಿಸಿದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ.

ಹೊರಗೆ ಗಿರಿಜ ಕಾರಿನಲ್ಲಿ ಕಾಯುತ್ತಿದ್ದಳು. ಸಣ್ಣಗಾಗಿದ್ದಳು. ದಾರಿಯುದ್ದಕ್ಕೂ ಹಿಂದಿನ ಕನ್ನಡಿ ನೋಡುತ್ತಲೇ ಓಡಿಸಿದಳು. ಸಿಗ್ನಲ್ಲಿನಲ್ಲಿ ನಿಂತಾಗ ಬಾಗಿಲಿನ ಲಾಕ್ ಬಿದ್ದಿದೆಯೋ ಇಲ್ಲವೋ ಅಂತ ಒತ್ತಿ ನೋಡಿದಳು. ಒಂದು ಸಲ ಅಲ್ಲ, ಪ್ರತಿ ಸಿಗ್ನಲ್ಲಿನಲ್ಲೂ.

ಮನೆಗೆ ಹೋಗಿ ಕಾಫಿ ಕುಡಿದ ಮೇಲೆ ಸಾಮಾನು ಯಾವುದು ಅಂತ ಹೇಳಿದಳು.

"ಪಿಸ್ತೂಲಾ? ನಿಂಗೆ ಬುದ್ಧಿ ಗಿದ್ಧಿ ಅದಾ?" ಲೋಟ ಕುಕ್ಕಿದ ಹೊಡೆತಕ್ಕೆ ಕಾಫಿ ಚೆಲ್ಲಿತು. "ಇದುಕ್ಕಾ ನನ್ನ ಅಷ್ಟು ದೂರದಿಂದ ಕರೆಸ್ಕಂಡಿದ್ದು?"

ಅವಳು ಬಟ್ಟೆ ತಂದು ಟೇಬಲ್ಲು ಒರೆಸಿದಳು. ಒರೆಸುತ್ತಲೇ ಹೇಳಿದಳು. ಅವಳು ನೋಡಿಕೊಳ್ಳುವ ಒಬ್ಬ ಅಜ್ಜಿಗೆ ಎಲುಬಿನ ಕ್ಯಾನ್ಸರು. ಜೊತೆಗಿರುವ ಮಗ, ಅಮ್ಮನ ನೋವಿನ ಮಾತ್ರೆಗಳನ್ನು ತಾನೇ ನುಂಗುತ್ತಿದ್ದ. ಗಿರಿಜ ಅದನ್ನು ಕಂಡು ಆಫೀಸಿಗೆ ತಿಳಿಸಿದಳು. ಮುಂದಿನ ಸಲ ಹೋದಾಗ ಅವನು ಕಾರಿನ ತನಕ ಹಿಂದೆ ಬಂದ. ಗಾಜಿಗೆ ಅಂಗೈಯಿಂದ ಬಡಿದ. "ನೀನು ಯಾವ ಬೀದಿಯಲ್ಲಿ ಇದ್ದೀಯ ಅಂತ ನನಗೆ ಗೊತ್ತು" ಅಂದ.

"ಆಫೀಸ್ನೋರು ಏನಂದ್ರು?"

"ಉಷಾರಾಗಿರು ಅಂದ್ರು."

"ಪೊಲೀಸ್ನೋರು?"

"ಏನಾದ್ರೂ ಆದ್ರೆ ಫೋನ್ ಮಾಡು ಅಂದ್ರು."

ನನಗೆ ಮೈ ಉರಿದುಹೋಯಿತು. ಏನಾದರೂ ಆದ ಮೇಲೆ ಫೋನು ಮಾಡುವವರು ಯಾರು?

ಶನಿವಾರ, ಅಂಗಡಿ

ಅಂಗಡಿ ಅಂದರೆ ನಮ್ಮ ಕಡೆಯ ಟ್ರಾಕ್ಟರು ಶೋರೂಮಿನಷ್ಟು ದೊಡ್ಡದು. ಒಳಗೆ ತಣ್ಣಗೆ, ಹಾಡು ಹಾಕಿದ್ದರು. ಗಲ್ಲಾ ಹತ್ತಿರ ಬಟ್ಟಲಿನ ತುಂಬ ಪೆಪ್ಪರ್‌ಮೆಂಟು. ಒಂದು ಮುದಿ ನಾಯಿ ಮಲಗಿತ್ತು. ಗಂಡಹೆಂಡಿರು, ವಯಸ್ಸಾದವರು, ಕಂಕುಳಲ್ಲಿ ಕೂಸಿದ್ದ ಒಬ್ಬ ತಾಯಿ, ಎಲ್ಲ ಸೀರೆ ಅಂಗಡಿಗೆ ಬಂದವರ ಹಾಗೆ ನಿಧಾನವಾಗಿ ಆರಿಸುತ್ತಿದ್ದರು. ಒಬ್ಬಳು ನೇರಳೆ ಬಣ್ಣದ್ದು ಇದೆಯಾ ಅಂತ ಕೇಳುತ್ತಿದ್ದಳು.

ನಾಗಮಂಗಲದ ಹತ್ತಿರದ ಒಂದು ಊರಿನ ಗೌಡರ ಮನೆಯಲ್ಲಿ ಹಂದಿ ಓಡಿಸಲು ಒಂದು ಒಂಟಿ ನಳಿಗೆಯ ಬಂದೂಕು ಇತ್ತು. ಲೈಸೆನ್ಸಿನದು. ಎಲೆಕ್ಷನ್ ಬಂದರೆ ಸ್ಟೇಷನ್ನಿಗೆ ಒಪ್ಪಿಸಿ ಚೀಟಿ ತರುತ್ತಿದ್ದರು. ಅದು ಬೀದಿಗೆ ಬಂದರೆ ಇಡೀ ಊರಿಗೆ ಗೊತ್ತಾಗುತ್ತಿತ್ತು. ಇಲ್ಲಿ ಮಾರುತ್ತಿದ್ದುದು ಯಾರಿಗೂ ಕಾಣಬಾರದ ಬಂದೂಕು. ಅಂಗಿಯ ಕೆಳಗೆ, ಸೊಂಟದಲ್ಲಿ, ಬ್ಯಾಗಿನಲ್ಲಿ, ದಿನಾ ಬೆಳಗ್ಗೆ ವಾಚು ಕಟ್ಟಿಕೊಂಡ ಹಾಗೆ ಕಟ್ಟಿಕೊಂಡು ಹೋಗುವಂಥದ್ದು. ಅದಕ್ಕೇ ಗಿಡ್ಡ, ಅದಕ್ಕೇ ತೆಳು.

ಅಂಗಡಿಯವನು ಬಿಳಿ ಮೀಸೆಯ ಮುದುಕ. ತುಂಬ ಮರ್ಯಾದಸ್ಥ. ಅದೇ ನನಗೆ ತಡೆಯಲಾಗಲಿಲ್ಲ. ಗಿರಿಜಳನ್ನು "ಮೇಡಂ" ಅಂತ ಕರೆದು, ಎಲ್ಲಿ ಇಟ್ಟುಕೊಳ್ಳುತ್ತೀರಿ, ಎಷ್ಟು ಹೊತ್ತು, ಕೂತು ಕೆಲಸವೋ ನಿಂತು ಕೆಲಸವೋ ಅಂತ ವಿಚಾರಿಸಿದ. ಆಮೇಲೆ ಗಾಜಿನ ಮೇಲೆ ಒಂದು ರಬ್ಬರ್ ಹಾಸಿ, ಮೂರು ಪಿಸ್ತೂಲುಗಳನ್ನು ಸಾಲಾಗಿ ಇಟ್ಟ.

ಮೂರೂ ಕಪ್ಪು. ಮೂರೂ ಅಂಗೈಗಿಂತ ಸ್ವಲ್ಪ ಉದ್ದ. ನನ್ನ ಕಣ್ಣಿಗೆ ಒಂದೇ ತಾಯಿಯ ಮಕ್ಕಳು. ನಾನು ಅಭ್ಯಾಸದಂತೆ ಮೊದಲನೆಯದಕ್ಕೆ ಕೈ ಹಾಕಿದೆ. ಮುದುಕ ನನ್ನ ಕೈಗೂ ಅದಕ್ಕೂ ಮಧ್ಯೆ ತನ್ನ ಕೈ ಇಟ್ಟ.

"ನೀವು ಇಲ್ಲಿಯವರಾ?"

"ವಿಸಿಟರ್" ಅಂದೆ.

"ಹಾಗಾದರೆ ದಯವಿಟ್ಟು ಮುಟ್ಟಬೇಡಿ. ಕಾನೂನು."

ಕಬ್ಬಿಣ ಮುಟ್ಟಬೇಡ ಅಂತ ನನಗೆ ಹುಟ್ಟಿದಾಗಿನಿಂದ ಯಾರೂ ಹೇಳಿರಲಿಲ್ಲ. ಕೈ ಹಿಂದಕ್ಕೆ ಕಟ್ಟಿ ನಿಂತೆ.

ಗಿರಿಜ ಒಂದೊಂದನ್ನೇ ಎತ್ತಿದಳು. ಮೊದಲನೆಯದು ಎಲ್ಲಕ್ಕಿಂತ ತೆಳು, ಹಗುರ. ಬಚ್ಚಿಡಲು ಇದಕ್ಕಿಂತ ಒಳ್ಳೆಯದಿಲ್ಲ ಅಂದ ಮುದುಕ. ಆದರೆ ಹಿಡಿಯಲ್ಲಿ ಎರಡು ಬೆರಳಿಗೆ ಮಾತ್ರ ಜಾಗ. ಕಿರುಬೆರಳು ಗಾಳಿಯಲ್ಲಿ. ಮೇಲಿನ ಜಾರುವ ಭಾಗಕ್ಕೆ ಸ್ಲೈಡು ಅನ್ನುತ್ತಾರೆ. ಅದನ್ನು ಹಿಂದಕ್ಕೆ ಎಳೆದರೇ ಗುಂಡು ಒಳಗೆ ಕೂರುವುದು. ಗಿರಿಜ ಎಳೆದಳು. ಬರಲಿಲ್ಲ. ಅವಳ ಎಡಗೈ ಮಣಿಕಟ್ಟು ಹಿಂದೆ ಮೊಪೆಡ್ಡಿನಿಂದ ಬಿದ್ದು ಮುರಿದಿತ್ತು. ಮತ್ತೆ ಎಳೆದಳು. ಮುಖ ಕೆಂಪಾಯಿತು. ಅರ್ಧಕ್ಕೆ ಬಂದು ಚಟ್ ಅಂತ ಮುಂದಕ್ಕೆ ಹೋಗಿ ಚರ್ಮ ಕಚ್ಚಿತು.

"ಸಣ್ಣದಾದಷ್ಟೂ ಸ್ಪ್ರಿಂಗು ಗಟ್ಟಿ ಇರ್ತದೆ ಕಣಮ್ಮಿ. ಜಾಗ ಇಲ್ವಲ್ಲ ಅದುಕ್ಕೆ" ಅಂದೆ. ಬಾಯಿಂದ ತಾನಾಗಿ ಬಂತು.

ಎರಡನೆಯದು ಅರ್ಧ ಬೆರಳು ದಪ್ಪ. ಹಿಡಿ ತುಂಬಿತು, ಸ್ಲೈಡು ಸಲೀಸಾಗಿ ಬಂತು, ಗುಂಡೂ ಜಾಸ್ತಿ ಹಿಡಿಯುತ್ತಿತ್ತು. ಮೂರನೆಯದರ ಮೈಯ ಪಕ್ಕದಲ್ಲಿ ಹೆಬ್ಬೆರಳಿಗೆ ಸಿಗುವ ಒಂದು ಸಣ್ಣ ಕೀಲಿ ಇತ್ತು. ಅದನ್ನು ಕೆಳಕ್ಕೆ ಒತ್ತದೆ ಗುಂಡು ಹಾರುವುದಿಲ್ಲ. ಅದು ಇದ್ದರೆ ಭದ್ರ ಅಂತ ಗಿರಿಜ. ಕೈ ನಡುಗುವಾಗ ಅದನ್ನು ಒತ್ತಲು ಮರೆತರೆ, ಅಂತ ಮುದುಕ.

ಅಲ್ಲೇ ಹಿಂದುಗಡೆ ಹಾರಿಸಿ ನೋಡುವ ಜಾಗವಿತ್ತು. ನನ್ನನ್ನು ಗಾಜಿನ ಆಚೆ ನಿಲ್ಲಿಸಿ ಕಿವಿಗೆ ಸದ್ದು ತಡೆಯುವ ಎರಡು ಚಿಪ್ಪು ಹಾಕಿದರು. ಅವಳು ಮೂರನ್ನೂ ಹಾರಿಸಿದಳು. ಮೊದಲನೆಯದು ಪ್ರತಿ ಏಟಿಗೂ ಅವಳ ಕೈಯನ್ನು ಮೇಲಕ್ಕೆ ಒದೆಯುತ್ತಿತ್ತು. ಎರಡನೆಯದಕ್ಕೆ ಕೈ ನಿಂತಿತು. ನಾನು ಗಾಜಿಗೆ ಮೂಗು ಒತ್ತಿ, ಅವಳ ಮಣಿಕಟ್ಟು ನೋಡುತ್ತಾ, ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾ ನಿಂತಿದ್ದೆ. ಎಂಥ ನಯವಾದ ಕೆಲಸ, ಎಷ್ಟು ಸಣ್ಣ ಸಂದು, ಯಾವ ಮಿಷನ್ನಿನಲ್ಲಿ ಕಡೆದರೋ ಅಂತ. ಅರ್ಧ ಗಂಟೆ ಆ ಸಾಮಾನು ಯಾತಕ್ಕೆ ಅನ್ನುವುದೇ ನನಗೆ ಮರೆತುಹೋಗಿತ್ತು. ನೆನಪಾದಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ಎರಡನೇದು ತಗೊ" ಅಂದೆ ಹೊರಗೆ ಬಂದವಳಿಗೆ. "ಕೈಗೆ ಕುಂತ್ಕತದೆ."

ಅವಳು ಫಾರಂ ತುಂಬಿದಳು. ಅವಳ ಮೇಲೆ ಕೇಸು ಗೀಸು ಇದೆಯಾ ಅಂತ ಅಂಗಡಿಯವರು ಎಲ್ಲಿಗೋ ಕೇಳಿ ವಿಚಾರಿಸಿದರು. ನಮ್ಮೂರಿನಲ್ಲಿ ರೇಷನ್ ಕಾರ್ಡಿಗೆ ಹೆಸರು ಸೇರಿಸಲು ಓಡಾಡಿದ ಕಾಲು ಭಾಗ ಹೊತ್ತೂ ಹಿಡಿಯಲಿಲ್ಲ. ಮುದುಕ ನನಗೂ ಒಂದು ಪೆಪ್ಪರ್‌ಮೆಂಟು ಕೊಟ್ಟ. ತಗೊಳ್ಳಲಿಲ್ಲ.

ಭಾನುವಾರ, ಅಡುಗೆಮನೆ

ಮಾರನೇ ದಿನ ಇಟ್ಟುಕೊಳ್ಳುವುದೆಲ್ಲಿ ಅನ್ನುವ ಫಜೀತಿ. ನರ್ಸುಗಳ ಬಟ್ಟೆಗೆ ಬೆಲ್ಟಿಲ್ಲ, ಲಾಡಿ. ಸೊಂಟಕ್ಕೆ ಸಿಗಿಸಿದರೆ ಪೈಜಾಮವೇ ಇಳಿಯುತ್ತಿತ್ತು. ಹೊಟ್ಟೆಗೆ ಸುತ್ತುವ ಅಗಲದ ಪಟ್ಟಿ ತಂದಿದ್ದಳು. ಅದನ್ನು ಸುತ್ತಿಕೊಂಡು ಕುಕ್ಕರು ಇಟ್ಟಳು, ಬಗ್ಗಿದಳು, ಎದ್ದಳು. ಚುಚ್ಚುತ್ತದೆ ಅಂದಳು. ಸೀರೆ ಉಟ್ಟಿದ್ದರೆ ಒಂದು ಸೇರು ಅಕ್ಕಿಯನ್ನೂ ಮಡಿಲಲ್ಲಿ ಬಚ್ಚಿಡಬಹುದಿತ್ತು.

"ಅಜ್ಜಿ ಮನೆ ಒಳಕ್ಕೂ ಇದನ್ನ ಕಟ್ಕಂಡೇ ಓಗ್ತೀಯ?"

"ಇಲ್ಲಣ್ಣ. ರೋಗಿ ಮನೆ ಒಳಕ್ಕೆ ತಗೊಂಡು ಓಗಂಗಿಲ್ಲ. ಆಫೀಸ್ ರೂಲು. ಕಾರಲ್ಲಿ ಬೀಗ ಹಾಕಿಟ್ಟೇ ಓಗ್ಬೇಕು."

"ಅವನಿರೋದು ಒಳಗೆ. ಇದಿರೋದು ಕಾರಲ್ಲಿ. ಮತ್ತೆ ಯಾತುಕ್ಕೆ ಇದು? ಪೂಜೆ ಮಾಡಕ್ಕಾ?"

"ಮನೆ ತನಕ ಬಂದ್ರೆ?"

"ಈ ದರಿದ್ರದ ಊರು ಬುಟ್ಟು ಬಾ. ಇವತ್ತೇ ಬಾ. ನಮ್ಮೂರಲ್ಲಿ ಇಂಗೆ ಯಾವನಾದ್ರೂ..."

"ನಮ್ಮೂರಲ್ಲಿ?" ಅಂದಳು. ಒಲೆ ಆರಿಸಿದಳು. "ಚಿನಕುರಳಿ ಕಲ್ಲು ಕ್ವಾರಿ ದಾರೀಲಿ ಒಬ್ಬ ನನ್ನ ಮೊಪೆಡ್ಡು ಅಡ್ಡಗಟ್ಟಿ ಕೈ ಇಡ್ಕಂಡಿದ್ದ. ಕಿತ್ಕಂಡು ಮನೆಗೆ ಬಂದು ನಿಂಗೇ ಮೊದ್ಲು ಯೋಳ್ದೆ. ನೀನು ಏನಂದೆ, ಗ್ಯಾಪ್ಕ ಅದಾ?"

ಜ್ಞಾಪಕ ಇತ್ತು. ಮರೆತವನಂತೆ ಇಷ್ಟು ವರ್ಷ ಇದ್ದೆ, ಅಷ್ಟೆ.

"ಮದುವೆ ಮಾತು ನಡೀತಾ ಅದೆ, ಯಾರ್ಗೂ ಯೋಳ್ಬೇಡ, ಬೇರೆ ದಾರೀಲಿ ಓಗು ಅಂದೆ. ನಾನು ಎರಡು ವರ್ಸ ಸುತ್ತಾಕ್ಕಂಡು ಓದೆ ಅಣ್ಣ. ಆ ಮನುಸನತ್ರ ಓಗಿ, ಯಾಕ್ಲಾ ಇಂಗ್ ಮಾಡ್ದೆ ಅಂತ ನೀನು ಒಂದ್ ಮಾತು ಕೇಳ್ಲಿಲ್ಲ. ಈಗ ಬಂದು ಊರಿನ ದೊಡ್ಡಸ್ತಿಕೆ ಯೋಳ್ಬೇಡ."

ನನಗೆ ಬಂದ ಸಿಟ್ಟನ್ನು ಯಾರ ಮೇಲೆ ಹಾಕಬೇಕು ಅಂತ ಗೊತ್ತಾಗಲಿಲ್ಲ. ಅವಳು ಮುದ್ದೆ ಕಟ್ಟಿ ತಟ್ಟೆಗೆ ಹಾಕಿದಳು. ಇಬ್ಬರೂ ಉಂಡೆವು. ಆಮೇಲೆ ಅವಳು ಆ ಪಟ್ಟಿ ಬಿಚ್ಚಿ, ಪಿಸ್ತೂಲನ್ನು ಕಬ್ಬಿಣದ ಡಬ್ಬಿಗಿಟ್ಟು ಬೀಗ ಹಾಕಿದಳು.

ಬುಧವಾರ, ಆ ಮನೆ

ಬುಧವಾರ ಅಜ್ಜಿಯ ಮನೆಗೆ ಹೋಗುವ ದಿನ. ನಾನೂ ಬರುತ್ತೇನೆ ಅಂದೆ. ಬೇಡ ಅಂದಳು. ಕಾರಿನಲ್ಲಿ ಕೂತಿರುತ್ತೇನೆ ಅಂತ ಹಟ ಮಾಡಿ ಹತ್ತಿದೆ.

ಆ ಬೀದಿಯಲ್ಲಿ ಒಂದೊಂದು ಮನೆಯೂ ಒಂದೊಂದು ತೋಟದಷ್ಟು ದೂರ. ಮನೆ ಮುಂದೆ ಒಂದು ನರಪಿಳ್ಳೆ ಇಲ್ಲ. ನಮ್ಮ ಕಡೆ ನರ್ಸು ಬಂದರೆ ಆರು ಬಾಗಿಲಿನಿಂದ ಹನ್ನೆರಡು ತಲೆ ಹೊರಗೆ ಬರುತ್ತವೆ. ಇಲ್ಲಿ ಕಿರುಚಿದರೂ ಕೇಳಿಸುವುದು ಹುಲ್ಲು ಕತ್ತರಿಸುವ ಮಿಷನ್ನಿಗೆ ಮಾತ್ರ.

ಕಾರು ನಿಲ್ಲಿಸಿ ಗಿರಿಜ, "ಅಣ್ಣ, ನೀನೂ ಕೆಳಕ್ಕಿಳಿ" ಅಂದಳು. ಸೀಟಿನ ಕೆಳಗೆ ಆ ಡಬ್ಬಿ ಇದೆ, ವಿಸಿಟರಾಗಿ ಬಂದವನು ಅದರ ಜೊತೆ ಒಬ್ಬನೇ ಇದ್ದರೆ ತೊಂದರೆಯಾದೀತು ಅಂತ. ಇಳಿದೆ. ಅವಳು ಚೀಲ ಹಿಡಿದು ಒಳಗೆ ಹೋದಳು. ನಾನು ಬಿಸಿಲಲ್ಲಿ ಟಪಾಲು ಡಬ್ಬಿಯ ಪಕ್ಕ ನಿಂತೆ. ಕಾಲು ಗಂಟೆ ಆಗಿರಬಹುದು. ಒಳಗಿನಿಂದ ಗಂಡಸಿನ ಧ್ವನಿ ಏರಿತು. ಮಾತು ತಿಳಿಯಲಿಲ್ಲ. ಏರಿದ್ದು ತಿಳಿಯಿತು.

ಹೋಗಿ ಬೆಲ್ಲು ಒತ್ತಿದೆ. ಬಾಗಿಲು ತೆಗೆದವನಿಗೆ ನಲವತ್ತು ಇರಬಹುದು. ಗಡ್ಡ, ಕಣ್ಣು ಒಳಕ್ಕೆ ಹೋಗಿದ್ದವು.

"ಯಾರು ನೀನು?"

"ಬ್ರದರ್" ಅಂದೆ. ಮುಂದಿನ ಇಂಗ್ಲಿಷು ನೆನಪಾಗಲಿಲ್ಲ. ಅವನ ಪಕ್ಕದಿಂದ ತೂರಿ ಒಳಗೆ ಹೋದೆ.

ಅಜ್ಜಿ ಮಂಚದ ಮೇಲೆ ಒಂದು ಮುಷ್ಟಿಯಷ್ಟಿದ್ದಳು. ಗಿರಿಜ ಅವಳ ಬಿ.ಪಿ. ನೋಡುತ್ತಿದ್ದಳು. ನಾನು ಪಕ್ಕದ ಕುರ್ಚಿಯಲ್ಲಿ ಕುಳಿತೆ. ಅಜ್ಜಿ ಕೈ ಚಾಚಿ ನನ್ನ ಬೆರಳು ಹಿಡಿದುಕೊಂಡಳು. ಯಾರು ಅಂದುಕೊಂಡಳೋ ಏನೋ. ಮಗ ಮೇಲಿನ ಗೂಡಿನಿಂದ ಏನೋ ತೆಗೆಯಲು ಕೈ ಎತ್ತಿದ. ಅಂಗಿ ಮೇಲೆ ಹೋಯಿತು. ಸೊಂಟದಲ್ಲಿ ಕಪ್ಪನೆಯ ಹಿಡಿ, ಪಕ್ಕದಲ್ಲಿ ಹೆಬ್ಬೆರಳಿನ ಸಣ್ಣ ಕೀಲಿ. ಗುರುತು ಸಿಕ್ಕಿತು. ಶನಿವಾರ ನಾವು ಬೇಡ ಅಂದ ಮೂರನೆಯದರಂಥದೇ. ಕೀಲಿ ಕೆಳಕ್ಕೆ ಒತ್ತಿಯೇ ಇತ್ತು, ಅಂದರೆ ಗುಂಡು ಹಾರಲು ತಯಾರು.

ಗಿರಿಜಳೂ ನೋಡಿದ್ದಳು. ಅವಳು ಅಜ್ಜಿಯ ನಾಲಿಗೆಯ ಕೆಳಗೆ ಔಷಧಿ ಹನಿಸುತ್ತಿದ್ದಳು. ಆ ಕೈ ಅಲುಗಲಿಲ್ಲ.

ನಾನು ನೋಡಿದ್ದು ಅವನಿಗೆ ಗೊತ್ತಾಯಿತು. ಅಂಗಿ ಎಳೆದುಕೊಂಡ. "ಈ ಏರಿಯಾ ಸೇಫ್ ಅಲ್ಲ" ಅಂದ. ಬೈದ ಧ್ವನಿಯಲ್ಲ. ನಿಜವಾಗಿಯೂ ಹೆದರಿದವನ ಧ್ವನಿ.

ಅವನ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಲೇ, ಆ ಏರಿಯಾದಲ್ಲಿ ಅವಳು ಹೆದರುತ್ತಿರುವುದೇ ನಿನಗೆ ಕಣ್ಲಾ! ಆದರೆ ಗಿರಿಜಳ ಕೆಲಸ ಮುಗಿಯುವ ತನಕ ಕುರ್ಚಿಯಿಂದ ಏಳಲಿಲ್ಲ. ಹೊರಟಾಗ ಅವನು ಮೆಟ್ಟಿಲ ತನಕ ಬಂದ. ನಾನು ಅವನಿಗೂ ಗಿರಿಜಳಿಗೂ ಮಧ್ಯೆ ನಡೆದೆ. ಕಾರಿನಲ್ಲಿ ಕೂತ ಮೇಲೆ ಅವಳ ಕೈಯಿಂದ ಕೀಲಿಕೈ ಎರಡು ಸಲ ಬಿತ್ತು.

ಗುರುವಾರ, ಆಫೀಸು

ಅವಳ ಮೇಲಧಿಕಾರಿ ಒಬ್ಬ ಹೆಂಗಸು. ಟೇಬಲ್ಲಿನ ಮೇಲೆ ಬಿಸ್ಕತ್ತಿನ ತಟ್ಟೆ. ಗಿರಿಜ ನಿಂತೇ ಹೇಳಿದಳು. ಅವನ ಸೊಂಟದಲ್ಲಿ ಪಿಸ್ತೂಲಿದೆ ಅಂತ.

"ಖಚಿತವಾಗಿ ಗೊತ್ತಾ? ಫೋನು ಇರಬಹುದಲ್ಲ?"

ನಾನು ಎದ್ದೆ. "ಐ ಸಾ. ಐ ಫಿಟ್ಟರ್. ಥರ್ಟಿ ಇಯರ್ಸ್" ಅಂದೆ. ಆಕೆ ನನಗೆ ಬಿಸ್ಕತ್ತು ಸರಿಸಿ, ಇದನ್ನು ದಾಖಲಿಸುತ್ತೇವೆ ಅಂದಳು. ಆಮೇಲೆ ಆ ಮನೆಗೆ ಬೇರೆ ನರ್ಸನ್ನು ಹಾಕುವುದಾಗಿ ಹೇಳಿದಳು. ಅಲ್ಲಿಗೆ ನನ್ನ ತಾಳ್ಮೆ ಕಿತ್ತುಹೋಯಿತು.

"ಅವಳೂ ಯಾರೋ ಒಬ್ಬರ ತಂಗಿ ಅಲ್ವೇನವ್ವ? ಅವಳನ್ನ ಸಾಯಕ್ಕೆ ಕಳಿಸ್ತೀಯಾ?" ಕನ್ನಡದಲ್ಲೇ ಕೂಗಿದೆ. ಆಚೆ ರೂಮಿನವರು ಇಣುಕಿದರು.

"ಅಣ್ಣ, ಕುಂತ್ಕೊ" ಅಂದಳು ಗಿರಿಜ. ನಾನು ಕೂಗಿದ್ದನ್ನು ಅವಳು ಇಂಗ್ಲಿಷಿಗೆ ತಿರುಗಿಸಲಿಲ್ಲ. ತನ್ನದನ್ನು ಹೇಳಿದಳು. ಆ ಮನೆಗೆ ಹೋದರೆ ಇಬ್ಬರು ಹೋಗಬೇಕು. ಒಬ್ಬಳನ್ನೇ ಕಳಿಸುವುದಾದರೆ ತಾನೂ ಹೋಗುವುದಿಲ್ಲ, ಇನ್ನೊಬ್ಬಳನ್ನೂ ಹೋಗಲು ಬಿಡುವುದಿಲ್ಲ. ಬಾಯಿಮಾತು ಬೇಡ, ಕಾಗದದಲ್ಲಿ ಬೇಕು. ಧ್ವನಿ ಏರಿಸಲಿಲ್ಲ. ಆಕೆ ಯಾರಿಗೋ ಫೋನು ಮಾಡಿದಳು. ಹದಿನೈದೇ ನಿಮಿಷ. ಕಾಗದ ಬಂತು.

ಹದಿನೈದು ನಿಮಿಷದ ಕೆಲಸ! ಇದನ್ನು ಮೊದಲೇ ಮಾಡದೆ, ಉಷಾರಾಗಿರು ಅಂತ ಹೇಳಿ ಒಬ್ಬ ವಿಧವೆಯನ್ನು ಪಿಸ್ತೂಲಿನ ಅಂಗಡಿಗೆ ಅಟ್ಟಿದ್ದರು. ಕಾರಿನಲ್ಲಿ ಕೂತು ಕೇಳಿದೆ, "ಈಗ ಅದನ್ನ ವಾಪಸ್ ಕೊಟ್ಬುಡ್ತೀಯ?"

"ಇಲ್ಲ" ಅಂದಳು. ಯಾಕೆ ಅಂತ ನಾನೂ ಕೇಳಲಿಲ್ಲ. ಕೇಳುವ ಯೋಗ್ಯತೆ ನನಗಿದೆ ಅನ್ನಿಸಲಿಲ್ಲ.

ಊರಿಗೆ ಬಂದ ಮೇಲೆ

ಮೊನ್ನೆ ಶ್ರೀರಂಗಪಟ್ಟಣಕ್ಕೆ ಹೋಗಲು ಬಸ್ಸಿಗೆ ಕಾಯುತ್ತಿದ್ದೆ. ಗಿರಿಜಳ ಫೋನು ಬಂತು. ಅಜ್ಜಿ ಹೋಗಿಬಿಟ್ಟಳು ಅಂದಳು. ಕೊನೆಗೆ ಇಬ್ಬರು ನರ್ಸುಗಳು ಪಕ್ಕದಲ್ಲಿದ್ದರು, ನೋವಿಲ್ಲದೆ ಹೋದಳು ಅಂದಳು. ಮಗ ಬಾಗಿಲಿಗೆ ಒರಗಿ ಹುಡುಗನ ಹಾಗೆ ಅತ್ತನಂತೆ.

"ಸದ್ಯ, ಆ ಮನೆ ಕತೆ ಮುಗೀತಲ್ಲ" ಅಂದೆ.

"ನಾಳೆಯಿಂದ ಬೇರೆ ಮನೆ. ಅಲ್ಲಿ ಇಬ್ರು ಅಣ್ಣತಮ್ಮಂದ್ರು, ಕುಡಿತಾರಂತೆ."

"ಇಬ್ರು ನರ್ಸು ಓಗ್ತೀರ ತಾನೆ?"

"ಇಲ್ಲಣ್ಣ. ಆ ಕಾಗದ ಅಜ್ಜಿ ಮನೆಗೆ ಮಾತ್ರ."

ನಾನು ಎಷ್ಟು ಜೋರಾಗಿ ಕೂಗಿದೆನೋ, ಪಕ್ಕದ ಬಸ್ಸಿನಲ್ಲಿ ಟಿಕೆಟ್ಟು ಹರಿಯುತ್ತಿದ್ದ ಕಂಡಕ್ಟರು ತಿರುಗಿ ನೋಡಿದ. ಆಫೀಸಿನವರನ್ನು, ಅಂಗಡಿಯವನನ್ನು, ಆ ಊರನ್ನು, ಈ ಊರನ್ನು, ನನ್ನನ್ನು, ಎಲ್ಲರನ್ನೂ ಬೈದೆ. ಅವಳು ಮುಗಿಯುವ ತನಕ ಕಾದಳು.

"ಆಯ್ತಾ? ಸೋಮವಾರ ಆಫೀಸಿಗೆ ಓಗ್ತೀವಿ. ಎಲ್ಲಾ ಮನೆಗೂ ಅಂಥದೇ ಕಾಗದ ಬೇಕು ಅಂತ ಕೇಳಕ್ಕೆ. ಒಂದೊಂದ್ ಮನೇಲಿ ಒಬ್ಬೊಬ್ರಿಗೂ ಒಂದೊಂದ್ ಕತೆ ಅದೆ ಅಣ್ಣ. ಯಾರೂ ಬಾಯಿ ಬುಟ್ಟಿರಲಿಲ್ಲ, ಅಷ್ಟೆಯ."

"ಓಗ್ತೀವಿ ಅಂದ್ರೆ ಯಾರ್ಯಾರು?"

"ಒಂಬತ್ತು ಜನ ನರ್ಸುಗಳು."

ಶ್ರೀರಂಗಪಟ್ಟಣದ ಬಸ್ಸು ಬಂದು ನಿಂತಿತು. ಜನ ನುಗ್ಗಿದರು. ನಾನು ಹತ್ತಲಿಲ್ಲ. ಕೇಳಬಾರದು ಅಂದುಕೊಂಡಿದ್ದರೂ ಬಾಯಿಗೆ ಬಂದೇಬಿಟ್ಟಿತು.

"ಅದನ್ನ ಕಟ್ಕಂಡು ಓಗ್ತೀಯಾ?"

"ಅದ್ಯಾಕಣ್ಣ?" ಅಂದಳು. "ಒಂಬತ್ತು ಜನ ಇದ್ದೀವಲ್ಲ."